ತಿಂಗಳಿಗೊಮ್ಮೆ ಊರಿನ ಲೆಕ್ಕ

ಮಕ್ಕಳೇ, ಬೆಳಿಗ್ಗೆ ಎದ್ದಲ್ಲಿಂದ ಶಾಲೆಯ ಗೇಟು ದಾಟುವವರೆಗೆ ನಗರಸಭೆಯ ಕೆಲಸ ನಿಮಗೆ ಎಷ್ಟು ಸಲ ಎದುರಾಗುತ್ತದೆ, ಎಣಿಸಿದ್ದೀರಾ? ಹಲ್ಲುಜ್ಜಲು ನಳ್ಳಿ ತಿರುಗಿಸಿದಿರಿ, ಒಂದು. ಹಸಿ ಕಸದ ಬಕೆಟ್ಟನ್ನು ಗೇಟಿನ ಹತ್ತಿರ ಇಟ್ಟು ಬಾ ಎಂದು ಅಮ್ಮ ಕಳಿಸಿದರು, ಎರಡು. ಸೂರ್ಯ ಬಂದು ಅರ್ಧ ಗಂಟೆಯಾದರೂ ಬೀದಿದೀಪ ಉರಿಯುತ್ತಲೇ ಇದೆ, ಮೂರು. ಪಾಗಾರದ ಪಕ್ಕದ ಚರಂಡಿಯ ಮೇಲಿನ ಹಾಸುಗಲ್ಲು ಕಾಲಿಟ್ಟಾಗ ಟಕ್ ಎಂದು ಅಲ್ಲಾಡಿತು, ನಾಲ್ಕು. ದಾರಿಯಲ್ಲಿ ತರಕಾರಿ ಮಾರ್ಕೆಟ್ಟು, ಪಾರ್ಕು, ಗ್ರಂಥಾಲಯ ಸಿಕ್ಕಿದರೆ ಬೆರಳು ಸಾಲದು. ಶಾಲೆಗೆ ಸೇರಿಸುವಾಗ ನಿಮ್ಮ ಅಪ್ಪ ಅಮ್ಮ ಕೊಟ್ಟ ಜನನ ಪ್ರಮಾಣಪತ್ರ ಇದೆಯಲ್ಲ, ಪಟ್ಟಣದಲ್ಲಿ ಹುಟ್ಟಿದವರಾದರೆ ಬಹುಮಟ್ಟಿಗೆ ಅದೂ ಅಲ್ಲಿಯದೇ.

ಇಷ್ಟೆಲ್ಲ ತೀರ್ಮಾನವಾಗುವ ಸಭೆಯನ್ನು ನಮ್ಮಲ್ಲಿ ನೋಡಿದವರು ಎಷ್ಟು ಜನ? ಸಂಸತ್ತಿನ ಗದ್ದಲವನ್ನು ಟಿ.ವಿ.ಯಲ್ಲಿ ನೋಡುತ್ತೇವೆ, ವಿಧಾನಸಭೆಯಲ್ಲಿ ಯಾರು ಯಾರಿಗೆ ಏನೆಂದರು ಎಂಬುದು ಬಾಯಿಪಾಠ. ನಮ್ಮದೇ ಊರಿನ ಸಭೆ, ಮನೆಯಿಂದ ಒಂದೆರಡು ಕಿಲೋಮೀಟರು ದೂರದಲ್ಲಿ, ತಿಂಗಳಿಗೊಮ್ಮೆ ನಡೆಯುವುದು ಮಾತ್ರ ಗೊತ್ತಿರುವುದಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಊರೂರು ತಿರುಗಿ ಕೊನೆಗೆ ಉಡುಪಿಯಲ್ಲಿ ನೆಲೆ ನಿಂತವನು ನಾನು. ನಿವೃತ್ತಿಯಾದ ಮೇಲೆ ಲೆಕ್ಕದ ಪುಸ್ತಕ ನೋಡುವ ಚಟ ಬಿಡಲಿಲ್ಲ. ಬ್ಯಾಂಕಿನದು ಈಗ ತೋರಿಸುವುದಿಲ್ಲ, ಹಾಗಾಗಿ ಊರಿನದನ್ನು ನೋಡುತ್ತೇನೆ. ಅದು ಎಲ್ಲರದ್ದು.

ಮೊದಲು ಯಾವುದಕ್ಕೆ ಏನನ್ನುತ್ತಾರೆ ನೋಡಿಕೊಳ್ಳಿ. ಕರ್ನಾಟಕದಲ್ಲಿ ಸಣ್ಣ ಪಟ್ಟಣಕ್ಕೆ ಪಟ್ಟಣ ಪಂಚಾಯಿತಿ, ಅದಕ್ಕಿಂತ ದೊಡ್ಡದಕ್ಕೆ ಪುರಸಭೆ, ಇನ್ನೂ ದೊಡ್ಡದಾಗಿ ಜನಸಂಖ್ಯೆ 50 ಸಾವಿರ ದಾಟಿದರೆ ನಗರಸಭೆ. ಮೂರು ಲಕ್ಷ ದಾಟಿದ ಊರು ಮಹಾನಗರ ಪಾಲಿಕೆ. ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿ ಇವೆಲ್ಲಕ್ಕೂ ಒಂದೇ ಹೆಸರು, ‘ಮುನ್ಸಿಪಾಲಿಟಿ’. ನಗರಸಭೆ ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ. ಅದರ ಮೇಲೆ ಸಂವಿಧಾನದ 74ನೇ ತಿದ್ದುಪಡಿ ಇದೆ. ಅದು 1993ರ ಜೂನ್ 1ರಿಂದ ಜಾರಿಗೆ ಬಂತು. ಊರಿನ ಆಡಳಿತ ಯಾವ ಯಾವ ಕೆಲಸ ನೋಡಿಕೊಳ್ಳಬಹುದು ಎಂದು ಅದರಲ್ಲಿ 18 ಬಾಬತ್ತುಗಳ ಪಟ್ಟಿ ಮಾಡಿದ್ದಾರೆ. ನೀರು, ರಸ್ತೆ, ನೈರ್ಮಲ್ಯದಿಂದ ಹಿಡಿದು ಸ್ಮಶಾನ, ಬೀದಿದೀಪ, ಜನನ ಮರಣದ ಲೆಕ್ಕದವರೆಗೆ. ಹುಟ್ಟಿದ್ದನ್ನು ಬರೆದುಕೊಳ್ಳುವವರೂ ಅವರೇ, ಸ್ಮಶಾನಕ್ಕೆ ದೀಪ ಹಾಕಿಸುವವರೂ ಅವರೇ.

ಉಡುಪಿ ನಗರಸಭೆಗೆ 35 ವಾರ್ಡು. ವಾರ್ಡಿಗೊಬ್ಬರಂತೆ 35 ಚುನಾಯಿತ ಸದಸ್ಯರು. ಸರ್ಕಾರ ನಾಮಕರಣ ಮಾಡಿದ ಸದಸ್ಯರೂ ಕೆಲವರು ಇರುತ್ತಾರೆ. ಅವರು ಮಾತಾಡಬಹುದು, ಮತ ಹಾಕುವಂತಿಲ್ಲ. ಊರಿನ ಶಾಸಕರಿಗೂ ಸಂಸದರಿಗೂ ಸಭೆಯಲ್ಲಿ ಜಾಗ ಉಂಟು. ಅಧ್ಯಕ್ಷರು ಸದಸ್ಯರೊಳಗಿಂದ ಆಯ್ಕೆಯಾಗುತ್ತಾರೆ, ಅವರ ಅವಧಿ 30 ತಿಂಗಳು. ಕಡತ ನೋಡುವ, ಚೆಕ್ಕಿಗೆ ಸಹಿ ಹಾಕುವ ಅಧಿಕಾರಿ ಪೌರಾಯುಕ್ತರು. ಬ್ಯಾಂಕಿಗೆ ಹೋಲಿಸುವುದಾದರೆ ಸದಸ್ಯರು ನಿರ್ದೇಶಕ ಮಂಡಳಿ, ಪೌರಾಯುಕ್ತರು ಮ್ಯಾನೇಜರು. ಠೇವಣಿದಾರರು ಯಾರೆಂದು ಕೇಳಬೇಡಿ, ಕನ್ನಡಿ ನೋಡಿಕೊಳ್ಳಿ.

ಸಭೆಗೆ ಕೆಲವು ದಿನ ಮುಂಚೆ ಸದಸ್ಯರಿಗೆಲ್ಲ ನೋಟೀಸು ಹೋಗುತ್ತದೆ. ಅದರ ಜೊತೆಗೆ ಕಾರ್ಯಸೂಚಿ, ಅಂದರೆ ವಿಷಯಗಳ ಪಟ್ಟಿ. ಈ ಪಟ್ಟಿಯ ಕನ್ನಡಕ್ಕೆ ತನ್ನದೇ ಒಂದು ಗತ್ತು. ಪ್ರತಿಯೊಂದು ವಿಷಯವೂ ‘ಬಗ್ಗೆ’ ಎಂದೇ ಮುಗಿಯುತ್ತದೆ. ‘ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವ ಬಗ್ಗೆ.’ ‘ಜಮಾ ಖರ್ಚನ್ನು ಪರಿಶೀಲಿಸಿ ಮಂಜೂರಾತಿ ನೀಡುವ ಬಗ್ಗೆ.’ ‘ಟೆಂಡರಿನಲ್ಲಿ ಬಂದ ಕನಿಷ್ಠ ದರವನ್ನು ಒಪ್ಪುವ ಬಗ್ಗೆ.’ ಮಧ್ಯೆ ಮಧ್ಯೆ ‘ಘಟನೋತ್ತರ ಮಂಜೂರಾತಿ’ ಎಂಬ ಮಾತು ಬರುತ್ತದೆ. ಹೆದರಬೇಡಿ. ಡಬ್ಬಿಯಲ್ಲಿದ್ದ ಚಕ್ಕುಲಿಯನ್ನು ತಿಂದು ಮುಗಿಸಿ ಆಮೇಲೆ “ಅಜ್ಜೀ, ಒಂದು ತಿನ್ನಲಾ?” ಎಂದು ಕೇಳುವುದೇ ಘಟನೋತ್ತರ ಮಂಜೂರಾತಿ. ಪೈಪು ಒಡೆದು ರಸ್ತೆಯೆಲ್ಲ ನೀರಾದಾಗ ತಿಂಗಳ ಸಭೆಗೆ ಕಾಯುತ್ತ ಕೂರಲಾಗದು. ಕೆಲಸ ಮೊದಲು ಮಾಡಿ ಒಪ್ಪಿಗೆ ಆಮೇಲೆ ಪಡೆಯಬೇಕಾಗುತ್ತದೆ, ಅದು ಸರಿಯೇ. ಆದರೆ ಪಟ್ಟಿಯಲ್ಲಿ ಅಂಥವು ಬಹಳವಾದರೆ ಡಬ್ಬಿಯ ಮುಚ್ಚಳ ಸರಿಯಾಗಿದೆಯೋ ಎಂದು ನೋಡಬೇಕು. ಚಕ್ಕುಲಿ ಎಷ್ಟಿತ್ತು ಎಂದು ಅಜ್ಜಿಗೆ ಗೊತ್ತಿರಬೇಕು.

ದುಡ್ಡಿನ ವಿಷಯ ಬಂದಾಗ ನಾನು ಸ್ವಲ್ಪ ಉದ್ದ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ನಿಮ್ಮ ಮನೆಯವರು ವರ್ಷಕ್ಕೊಮ್ಮೆ ಆಸ್ತಿ ತೆರಿಗೆ ಕಟ್ಟುತ್ತಾರೆ. ಹಿಂದೆ ಮುನ್ಸಿಪಾಲಿಟಿಯವರು ಬಂದು ಮನೆ ಅಳೆದು ಇಷ್ಟು ಎಂದು ಹೇಳುತ್ತಿದ್ದರು. ಈಗ ಸ್ವಯಂ ಘೋಷಣೆ. ನಮ್ಮ ಮನೆ ಎಷ್ಟು ಚದರಡಿ, ಎಷ್ಟು ವರ್ಷ ಹಳೆಯದು, ಹೆಂಚಿನದೋ ತಾರಸಿಯದೋ ಎಂದು ನಾವೇ ನಮೂನೆ ತುಂಬಿ ಲೆಕ್ಕ ಹಾಕಿ ಕಟ್ಟಬೇಕು. ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ಶೇ. 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ. 2ರಂತೆ ದಂಡ. ಏಪ್ರಿಲ್ ಮೊದಲ ವಾರ ಚಲನ್ ಹಿಡಿದು ಬ್ಯಾಂಕಿನ ಕೌಂಟರಿನ ಮುಂದೆ ನಿಲ್ಲುತ್ತಿದ್ದವರಲ್ಲಿ ಮುಕ್ಕಾಲು ಪಾಲು ಅಜ್ಜಂದಿರೇ. ಮಕ್ಕಳು ದುಬೈಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ, ಇಲ್ಲಿ ಅಜ್ಜ 120 ರೂಪಾಯಿ ಉಳಿಸಿದ ಸಂತೋಷದಲ್ಲಿ ಬಿಸಿಲಿಗೆ ಕೊಡೆ ಬಿಡಿಸಿಕೊಂಡು ಹೋಗುತ್ತಿದ್ದರು.

ಆ 120 ಎಲ್ಲಿಂದ ಬಂತು? ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಮನೆಗೆ ಆಸ್ತಿ ತೆರಿಗೆ 2,400 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರ ಶೇ. 5 ಎಂದರೆ 120. ಇನ್ನು ತೆರಿಗೆಯ ಬೆನ್ನಿಗೆ ಅಂಟಿಕೊಂಡು ಕೆಲವು ಉಪಕರಗಳು ಬರುತ್ತವೆ. ತೆರಿಗೆಯ ಪ್ರತಿ ರೂಪಾಯಿಗೆ 15 ಪೈಸೆ ಆರೋಗ್ಯ ಕರ, 6 ಪೈಸೆ ಗ್ರಂಥಾಲಯ ಕರ, 3 ಪೈಸೆ ಭಿಕ್ಷುಕರ ಕರ. 2,400ಕ್ಕೆ ಇವು ಕ್ರಮವಾಗಿ 360, 144 ಮತ್ತು 72 ರೂಪಾಯಿ. ಭಿಕ್ಷುಕರ ಕರ ಎಂದರೆ ಭಿಕ್ಷೆ ಬೇಡುವವರಿಗೆ ಹಾಕುವ ಕರ ಎಂದು ಕೆಲವರು ತಿಳಿದಿರುತ್ತಾರೆ. ಅಲ್ಲ, ನಿರ್ಗತಿಕರ ಪುನರ್ವಸತಿಗೆ ನಾವು ಕೊಡುವ ಪಾಲು. ಗ್ರಂಥಾಲಯದ 144 ರೂಪಾಯಿಯ ಮೇಲೆ ನಿಮ್ಮ ಕಣ್ಣಿರಲಿ, ಮಕ್ಕಳೇ. ಅದನ್ನು ನಗರಸಭೆ ವಸೂಲಿ ಮಾಡಿ ಗ್ರಂಥಾಲಯದವರಿಗೆ ತಲುಪಿಸಬೇಕು, ತಾನು ಇಟ್ಟುಕೊಳ್ಳುವಂತಿಲ್ಲ. ನಿಮ್ಮ ಊರಿನ ಗ್ರಂಥಾಲಯದಲ್ಲಿ ಹೊಸ ಪುಸ್ತಕ ಬಂದು ಬಹಳ ದಿನವಾಗಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ, “ನಮ್ಮ ಕರ ಇಲ್ಲಿಗೆ ಬಂದಿದೆಯೇ?” ಎಂಬುದು.

ಇದರ ಜೊತೆಗೆ ನೀರಿನ ಶುಲ್ಕ, ಅಂಗಡಿಗಳ ಉದ್ದಿಮೆ ಪರವಾನಗಿ ಶುಲ್ಕ, ಮಳಿಗೆಗಳ ಬಾಡಿಗೆ ಸೇರುತ್ತವೆ. ಮೇಲಿನಿಂದ ಅನುದಾನವೂ ಬರುತ್ತದೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ನಮ್ಮಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕೆಂದು ಕಟ್ಟುಹಾಕಿತ್ತು. ಒಳ್ಳೆಯ ಕಟ್ಟು. ಇಲ್ಲದಿದ್ದರೆ ಸ್ವಾಗತ ಕಮಾನು ಕಟ್ಟುವ ಆಸೆ ಯಾವ ಊರಿಗೆ ಇರುವುದಿಲ್ಲ?

ಖರ್ಚಿನ ಕಡೆ ಮೊದಲು ಕಣ್ಣಿಗೆ ಬೀಳುವುದು ಸಂಬಳ, ಆಮೇಲೆ ಮೆಸ್ಕಾಂ ಬಿಲ್ಲು. ನದಿಯ ನೀರನ್ನು ಎತ್ತುವ ಪಂಪುಗಳು, ಬೀದಿದೀಪಗಳು ಎಲ್ಲವೂ ಕರೆಂಟು ಕುಡಿಯುತ್ತವೆ. ಸೂರ್ಯ ಬಂದ ಮೇಲೂ ಉರಿಯುವ ಆ ದೀಪದ ಬಿಲ್ಲನ್ನು ಕಟ್ಟುವವರು ನಿಮ್ಮ ಅಜ್ಜನೇ.

ಲೆಕ್ಕ ಬರೆಯುವ ಕ್ರಮದ ಬಗ್ಗೆಯೂ ಒಂದು ಮಾತು. ಬಿ.ಕಾಂ. ಓದಿದವನಿಗೆ ಇದನ್ನು ಹೇಳದೆ ಇರಲಾಗದು. ಹಿಂದೆ ಪುರಸಭೆಗಳಲ್ಲಿ ಇದ್ದದ್ದು ಬಂದದ್ದೆಷ್ಟು, ಹೋದದ್ದೆಷ್ಟು ಎಂಬ ಒಂಟಿ ನಮೂದಿನ ಲೆಕ್ಕ. ಅದರಲ್ಲಿ ಪೆಟ್ಟಿಗೆಯಲ್ಲಿ ಎಷ್ಟಿದೆ ಎಂಬುದು ತಿಳಿಯುತ್ತದೆ. ಊರಿಗೆ ಯಾರ್ಯಾರು ಎಷ್ಟು ಬಾಕಿ, ಊರು ಯಾರ್ಯಾರಿಗೆ ಎಷ್ಟು ಬಾಕಿ, ಊರಿನ ಸ್ವತ್ತು ಎಷ್ಟು ಬೆಲೆಯದು ಎಂಬುದು ತಿಳಿಯುವುದಿಲ್ಲ. 2000ದ ನಂತರದ ವರ್ಷಗಳಲ್ಲಿ ‘ನಿರ್ಮಲ ನಗರ’ ಕಾರ್ಯಕ್ರಮದಡಿ ಜೋಡಿ ನಮೂದಿನ ಪದ್ಧತಿ ಬಂತು, 2006ರಲ್ಲಿ ಅದಕ್ಕೆ ನಿಯಮಾವಳಿಯೂ ಆಯಿತು. ಬ್ಯಾಂಕಿನವರಿಗೆ ಇದು ಅನ್ನ ನೀರಿನಷ್ಟು ಸಹಜ. ಊರಿಗೆ ಹೊಸದು. ಈಗ ನಗರಸಭೆಗೂ ಆಸ್ತಿ ಹೊಣೆಗಾರಿಕೆ ತಃಖ್ತೆ ಉಂಟು, ಅದನ್ನು ಓದಲು ಬರುವ ನಿವೃತ್ತ ಗುಮಾಸ್ತರು ಪ್ರತಿ ಬೀದಿಯಲ್ಲೂ ಇದ್ದಾರೆ. ಸಂಜೆ ಕಟ್ಟೆಯ ಮೇಲೆ ಕೂತು ಸಕ್ಕರೆ ಕಾಯಿಲೆಯ ಮಾತ್ರೆಗಳ ಬಗ್ಗೆ ಮಾತಾಡುವ ಬದಲು ತಿಂಗಳಿಗೊಂದು ಸಲ ಇದನ್ನು ನೋಡಬಹುದು.

ನೀರಿನ ವಿಷಯ ಬೇಸಿಗೆಯ ಪ್ರತಿ ಸಭೆಯಲ್ಲೂ ಬರುತ್ತದೆ. ಉಡುಪಿಗೆ ನೀರು ಕೊಡುವುದು ಸ್ವರ್ಣಾ ನದಿ. ಬಜೆ ಎಂಬಲ್ಲಿ ಅದಕ್ಕೆ ಕಿಂಡಿ ಅಣೆಕಟ್ಟು ಕಟ್ಟಿ, ನೀರು ನಿಲ್ಲಿಸಿ, ಶುದ್ಧಗೊಳಿಸಿ ಊರಿಗೆ ಪಂಪು ಮಾಡುತ್ತಾರೆ. ವರ್ಷಕ್ಕೆ 4,000 ಮಿಲಿಮೀಟರು ಆಸುಪಾಸು ಮಳೆ ಸುರಿಯುವ ಊರಿಗೆ ನೀರಿನ ಬರವೇ ಎಂದು ಘಟ್ಟದ ಮೇಲಿನವರು ನಗುತ್ತಾರೆ. ಆ ಮಳೆಯೆಲ್ಲ ನಾಲ್ಕೈದು ತಿಂಗಳಲ್ಲಿ ಬಂದು ಸಮುದ್ರ ಸೇರಿಬಿಡುತ್ತದೆ, ಏಪ್ರಿಲ್ ಮೇ ಹೊತ್ತಿಗೆ ನದಿಯಲ್ಲಿ ಬಂಡೆ ಕಾಣುತ್ತದೆ. 2019ರ ಮೇ ತಿಂಗಳಲ್ಲಿ ಬಜೆಯಲ್ಲಿ ನೀರು ತಳ ಮುಟ್ಟಿ, ನದಿಯ ಗುಂಡಿಗಳಲ್ಲಿ ನಿಂತ ನೀರನ್ನು ಪಂಪು ಹಾಕಿ ಅಣೆಕಟ್ಟಿನ ಕಡೆ ಹರಿಸಬೇಕಾಯಿತು. ಊರನ್ನು ಭಾಗ ಮಾಡಿ ಸರದಿಯಂತೆ ನೀರು ಬಿಟ್ಟರು. ಕೊಡಪಾನ, ಬಕೆಟ್ಟು, ಕುಕ್ಕರು, ಕೊನೆಗೆ ಇಡ್ಲಿಯ ಅಟ್ಟದವರೆಗೆ ಎಲ್ಲದರಲ್ಲೂ ನೀರು ತುಂಬಿಟ್ಟದ್ದು ನಿಮ್ಮ ಅಮ್ಮಂದಿರಿಗೆ ನೆನಪಿರಬಹುದು. ಈಗ ವಾರಾಹಿ ನದಿಯಿಂದ ನೀರು ತರುವ ಯೋಜನೆ ಕೈಗೊಂಡಿದ್ದಾರೆ.

ಅದೇ 2019ರಲ್ಲಿ ಇನ್ನೊಂದು ಸಂಗತಿಯೂ ಇತ್ತು. ಉಡುಪಿಯವರು 2018ರ ಆಗಸ್ಟ್ 31ರಂದು ಮತ ಹಾಕಿ 35 ಸದಸ್ಯರನ್ನು ಆರಿಸಿದ್ದರು. ಆದರೆ ಅಧ್ಯಕ್ಷ ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಕೋರ್ಟಿನ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿತು. ರಾಜ್ಯದ ಹಲವು ಊರುಗಳ ಕತೆಯೂ ಅದೇ ಆಯಿತು. ಅಧ್ಯಕ್ಷರ ಆಯ್ಕೆ ನಡೆದದ್ದು 2020ರ ಕೊನೆಗೆ. ಎರಡು ವರ್ಷಕ್ಕೂ ಮಿಕ್ಕಿ ಗೆದ್ದ ಸದಸ್ಯರು ಮನೆಯಲ್ಲಿ, ಆಡಳಿತ ಅಧಿಕಾರಿಗಳ ಕೈಯಲ್ಲಿ. ಅಧಿಕಾರಿಗಳು ಕೆಲಸ ಮಾಡಲಿಲ್ಲ ಎಂದು ನಾನು ಹೇಳಲಾರೆ. ನೀರನ್ನು ಸರದಿಯಲ್ಲಿ ಹಂಚಿದ್ದೂ ಅವರೇ. ಆದರೆ “ನಮ್ಮ ವಾರ್ಡಿಗೆ ಯಾಕೆ ಐದು ದಿನ ಆದರೂ ಬರಲಿಲ್ಲ?” ಎಂದು ಸಭೆಯಲ್ಲಿ ಎದ್ದು ನಿಂತು ಕೇಳುವವರು, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸುವವರು ಬೇಕಲ್ಲ? ಎಲ್ಲ ಕಡತಗಳೂ ಸರಿಯಾಗಿದ್ದು ಸಭೆ ಮಾತ್ರ ಇಲ್ಲದ ಊರು, ಕೌಂಟರಿನಲ್ಲಿ ಜನರಿಲ್ಲದ ಬ್ಯಾಂಕಿನ ಹಾಗೆ.

ಇನ್ನು ಮುಂದೆ ಹೇಳುವುದು ಮಕ್ಕಳಿಗೆ ಹೊಸದು, ಅಜ್ಜ ಅಜ್ಜಿಯರಿಗೆ ಹಳೆಯದು. ಓದಿ ಹೇಳುವ ಅಜ್ಜಿಯರು ಇಲ್ಲಿ ಸ್ವಲ್ಪ ನಿಧಾನಿಸಬೇಕು.

ನಾನು ಹುಡುಗನಾಗಿದ್ದಾಗ ನಾವಿದ್ದ ಪೇಟೆಯ ಮನೆಗಳಿಗೆ ಹಿಂದೆ ಒಂದು ಓಣಿ ಇರುತ್ತಿತ್ತು. ಕಕ್ಕಸು ಮನೆಯ ಹಿಂದೆ, ಓಣಿಗೆ ತಾಗಿಕೊಂಡು. ಅದರ ಕೆಳಗೆ ಒಂದು ಬುಟ್ಟಿಯೋ ಡಬ್ಬವೋ. ನೀರು ಹಾಕಿ ತೊಳೆಯುವ, ಗುಂಡಿಗೆ ಹೋಗುವ ವ್ಯವಸ್ಥೆ ಇರಲಿಲ್ಲ. ಬೆಳಿಗ್ಗೆ ಒಬ್ಬ ಹೆಂಗಸು ಆ ಓಣಿಯಿಂದ ಬರುತ್ತಿದ್ದಳು. ಡಬ್ಬದಲ್ಲಿದ್ದುದನ್ನು ತನ್ನ ಬಕೆಟ್ಟಿಗೆ ಸುರಿದುಕೊಂಡು, ಬಕೆಟ್ಟನ್ನು ತಲೆಯ ಮೇಲೆ ಹೊತ್ತು ಮುಂದಿನ ಮನೆಗೆ ಹೋಗುತ್ತಿದ್ದಳು. ಮಳೆಗಾಲದಲ್ಲಿ ತಲೆಯ ಮೇಲಿನ ಬಕೆಟ್ಟಿಗೂ ಮಳೆ ಬೀಳುತ್ತದೆ. ಅದು ತುಂಬಿ ಎಲ್ಲಿಗೆ ಇಳಿಯುತ್ತದೆ ಎಂದು ಬಿಡಿಸಿ ಹೇಳುವುದಿಲ್ಲ. ಅವಳು ಬರುವ ಹೊತ್ತಿಗೆ ನಮ್ಮನ್ನು ಒಳಗೆ ಕರೆಯುತ್ತಿದ್ದರು. ಇಷ್ಟು ವರ್ಷ ಬಂದ ಅವಳ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹುಟ್ಟಿದ ಜಾತಿಯ ಕಾರಣಕ್ಕೆ ಕೆಲವೇ ಕುಟುಂಬಗಳ ತಲೆಗೆ ಆ ಬಕೆಟ್ಟು ಬಂದಿತ್ತು, ತಾಯಿಯಿಂದ ಮಗಳಿಗೆ. ಅದು ಮುನ್ಸಿಪಾಲಿಟಿಯ ‘ಕೆಲಸ’ವೂ ಆಗಿತ್ತು. ಸಂಬಳದ ಪಟ್ಟಿಯಲ್ಲಿ, ಜಮಾ ಖರ್ಚಿನಲ್ಲಿ ತಿಂಗಳು ತಿಂಗಳು ಮಂಜೂರಾಗುತ್ತಿತ್ತು. ಯಾರೂ ಅದರ ಮೇಲೆ ಬೆರಳಿಡುತ್ತಿರಲಿಲ್ಲ.

ಉಡುಪಿಯಲ್ಲಿ ಬೆರಳಿಟ್ಟರು. 1968ರಲ್ಲಿ ಡಾ. ವಿ.ಎಸ್. ಆಚಾರ್ಯ ಎಂಬ, ಮೂವತ್ತು ತುಂಬದ ವೈದ್ಯರು ಇಲ್ಲಿನ ಪುರಸಭೆಯ ಅಧ್ಯಕ್ಷರಾದರು. ಮುಂದೆ ರಾಜ್ಯದ ಗೃಹ ಸಚಿವರೂ ಆದವರು. ಅವರ ಕಾಲದ ಪುರಸಭೆ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿತು. ದೇಶದಲ್ಲೇ ಇದನ್ನು ಮೊದಲು ಮಾಡಿದ ಊರು ನಮ್ಮದು ಎಂದು ಉಡುಪಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆಮೇಲೆ, ದೇವರಾಜ ಅರಸರ ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, 1970ರ ದಶಕದಲ್ಲಿ ಇಡೀ ರಾಜ್ಯದಲ್ಲಿ ಅದನ್ನು ನಿಷೇಧಿಸಲಾಯಿತು. ಸಂಸತ್ತು ಈ ಬಗ್ಗೆ ಕಾನೂನು ಮಾಡಿದ್ದು 1993ರಲ್ಲಿ. ಅದು ಸಾಲದೆಂದು 2013ರಲ್ಲಿ ಇನ್ನೊಂದು ಬಿಗಿಯಾದ ಕಾನೂನು ಬಂತು. ಕಳೆದು ನೋಡಿ. ದೆಹಲಿಯ ದೊಡ್ಡ ಸಭೆಗಿಂತ ನಮ್ಮ ತಿಂಗಳ ಸಣ್ಣ ಸಭೆ ಎಷ್ಟು ವರ್ಷ ಮುಂದಿತ್ತು?

ಒಂದು ಠರಾವು ಬರೆದ ಮಾತ್ರಕ್ಕೆ ಬಕೆಟ್ಟು ಕೆಳಗಿಳಿಯುವುದಿಲ್ಲ ಎಂಬುದನ್ನೂ ತಿಳಿದುಕೊಳ್ಳಬೇಕು. ಯಾವ ಯಾವ ಮನೆಯಲ್ಲಿ ಹಳೆಯ ಕಕ್ಕಸು ಇದೆ ಎಂದು ಎಣಿಸಬೇಕು. ಗುಂಡಿ ತೋಡಿಸಬೇಕು, ಪಕ್ಕದ ಬಾವಿಗೆ ಎಷ್ಟು ದೂರ ಎಂದು ಅಳೆಯಬೇಕು. ದುಡ್ಡಿಲ್ಲದ ಮನೆಯವರಿಗೆ ದಾರಿ ತೋರಿಸಬೇಕು, ದುಡ್ಡಿದ್ದೂ ಮಾಡದವರಿಗೆ ನೋಟೀಸು ಕೊಡಬೇಕು. ಆ ಕೆಲಸ ಬಿಟ್ಟವರಿಗೆ ಬೇರೆ ಕೆಲಸ ಕೊಡಬೇಕು. ಇವೆಲ್ಲವೂ ಮತ್ತೆ ವಿಷಯಪಟ್ಟಿಗೇ ಬರುವ ಬಾಬತ್ತುಗಳು, ಒಂದೊಂದೂ ‘ಬಗ್ಗೆ’ ಎಂದು ಮುಗಿಯುವಂಥವು. ಪತ್ರಿಕೆಯಲ್ಲಿ ಹಾಕಿದರೆ ಓದುವವರಿರುವುದಿಲ್ಲ.

ಈಗಲೂ ಅಂಥ ಬಾಬತ್ತುಗಳಿವೆ. ‘ಸಕ್ಕಿಂಗ್ ಯಂತ್ರದ ದುರಸ್ತಿ ವೆಚ್ಚಕ್ಕೆ ಮಂಜೂರಾತಿ ನೀಡುವ ಬಗ್ಗೆ’ ಎಂದು ಒಂದು ಸಾಲು ಬರುತ್ತದೆ ಎಂದುಕೊಳ್ಳಿ. ಓದಿ ಮುಗಿಸುವುದರೊಳಗೆ “ಒಪ್ಪಿಗೆ, ಒಪ್ಪಿಗೆ” ಎಂದು ಮುಂದೆ ಹೋಗುವ ವಿಷಯ. ಅದು ಶೌಚಗುಂಡಿಯನ್ನು, ಒಳಚರಂಡಿಯ ಮ್ಯಾನ್‌ಹೋಲನ್ನು ಖಾಲಿ ಮಾಡುವ ಯಂತ್ರ. ಅದು ಕೆಟ್ಟು ಶೆಡ್ಡಿನಲ್ಲಿ ನಿಂತ ದಿನ ಗುಂಡಿ ಕಟ್ಟಿಕೊಂಡರೆ, ಯಾರೋ ಒಬ್ಬ ಬಡವನನ್ನು ದುಡ್ಡಿನ ಆಸೆ ತೋರಿಸಿ ಒಳಗಿಳಿಸುವವರು ಹುಟ್ಟಿಕೊಳ್ಳುತ್ತಾರೆ. ಒಳಗೆ ವಿಷಗಾಳಿ ಇರುತ್ತದೆ. ಹೀಗೆ ಇಳಿದು ಸತ್ತವರ ಸುದ್ದಿ ದೇಶದ ಯಾವುದಾದರೂ ಮೂಲೆಯಿಂದ ಇವತ್ತಿಗೂ ಬರುತ್ತಲೇ ಇರುತ್ತದೆ. ಇಳಿಸುವುದು ಅಪರಾಧ ಎಂದು ಕಾನೂನು ಹೇಳುತ್ತದೆ. ಆದರೆ ಆ ಹೊತ್ತಿಗೆ ಅವನ ಜೀವ ಉಳಿಸುವುದು ಆ ಯಂತ್ರದ ಬೆಲ್ಟು, ಪಂಪು, ಟೈರು. ನನ್ನನ್ನು ಕೇಳಿದರೆ ಕಾರ್ಯಸೂಚಿಯಲ್ಲಿ ಆ ಸಾಲನ್ನು ಕೆಂಪು ಶಾಯಿಯಲ್ಲಿ ಅಚ್ಚು ಹಾಕಿಸಬೇಕು.

ಬೀದಿ ಗುಡಿಸುವ ಪೌರಕಾರ್ಮಿಕರ ಲೆಕ್ಕವೂ ಹಾಗೆಯೇ. 1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ, 500 ಜನರಿಗೆ ಒಬ್ಬರಂತೆ ಪೌರಕಾರ್ಮಿಕರು ಬೇಕು ಎಂದು ವರದಿ ಕೊಟ್ಟಿತು. ಆಮೇಲೆ ಸರ್ಕಾರ ಹಿಡಿದದ್ದು 700 ಜನರಿಗೆ ಒಬ್ಬರು ಎಂಬ ಪ್ರಮಾಣ. ಪೆನ್ಸಿಲ್ ಇನ್ನೂ ಕೈಯಲ್ಲಿದೆಯಷ್ಟೆ? ಒಂದು ಲಕ್ಷ ಜನರ ಊರಿಗೆ ಮೊದಲ ಲೆಕ್ಕದಲ್ಲಿ 200 ಜನ, ಎರಡನೆಯದರಲ್ಲಿ 143. ವ್ಯತ್ಯಾಸ 57. ಕಸವೇನೂ ಕಡಿಮೆಯಾಗುವುದಿಲ್ಲ, ಆ 57 ಜನರ ಕೆಲಸ ಉಳಿದ 143 ಜನರ ಸೊಂಟದ ಮೇಲೆ ಕೂರುತ್ತದೆ. ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ ಆಚರಿಸಿ ಶಾಲು ಹೊದೆಸುತ್ತಾರೆ. ಒಳ್ಳೆಯದೇ. ಗಾಜಿನ ಚೂರನ್ನು ಹಸಿ ಕಸದಲ್ಲಿ ಬೆರೆಸದೆ, ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಟ್ಟರೆ ಅವರಿಗೆ ಶಾಲಿಗಿಂತ ಹೆಚ್ಚು ಉಪಯೋಗ. ನಿಮ್ಮ ಬೀದಿಗೆ ಬರುವವರ ಹೆಸರನ್ನೂ ಕೇಳಿ ಇಟ್ಟುಕೊಳ್ಳಿ, “ಅಕ್ಕಾ” ಎಂದೋ “ಅಣ್ಣಾ” ಎಂದೋ ಸೇರಿಸಿ ಕರೆಯಿರಿ.

ಸ್ವಲ್ಪ ಹಗುರಾದ ವಿಷಯಕ್ಕೆ ಬರೋಣ. ನಿಮ್ಮ ಅಜ್ಜನ ಹುಟ್ಟುಹಬ್ಬ ಯಾವಾಗ? ಹತ್ತರಲ್ಲಿ ನಾಲ್ಕು ಮಕ್ಕಳಾದರೂ ‘ಜೂನ್ 1’ ಎನ್ನುತ್ತೀರಿ ಎಂದು ಪಂದ್ಯ ಕಟ್ಟುತ್ತೇನೆ. ನಮ್ಮ ಕಾಲದ ಅರ್ಧ ಕರ್ನಾಟಕ ಜೂನ್ 1ರಂದೇ ಹುಟ್ಟಿದ್ದು. ಶಾಲೆಗೆ ಸೇರಿಸುವಾಗ ತಾರೀಕು ಗೊತ್ತಿಲ್ಲದಿದ್ದರೆ, “ದೊಡ್ಡ ನೆರೆ ಬಂದ ವರ್ಷ, ಗದ್ದೆ ನಾಟಿಯ ಸಮಯ” ಎಂದು ಮನೆಯವರು ಹೇಳಿದರೆ ಮೇಷ್ಟ್ರು ಶಾಲೆ ಶುರುವಾಗುವ ತಿಂಗಳ ಮೊದಲ ತಾರೀಕು ಬರೆದುಬಿಡುತ್ತಿದ್ದರು. ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗಬೇಕು. ಹಾಗಾಗಿ ಮೇ 31 ಬಂತೆಂದರೆ ಕಚೇರಿ ಕಚೇರಿಗಳಲ್ಲಿ ಬೀಳ್ಕೊಡುಗೆಯ ಸಾಲು, ಹಾರದವನಿಗೆ ಹಬ್ಬ.

ನಿಮ್ಮ ಕಾಲ ಹಾಗಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮಗು ಹುಟ್ಟಿದ 21 ದಿನದೊಳಗೆ ನೋಂದಾಯಿಸಬೇಕು. ತಡವಾದರೆ ಶುಲ್ಕ, ಇನ್ನೂ ತಡವಾದರೆ ಅಧಿಕಾರಿಗಳ ಅಪ್ಪಣೆ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. 2023ರ ತಿದ್ದುಪಡಿಯಾದ ಮೇಲೆ, ಆ ವರ್ಷದ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಚಾಲನಾ ಪರವಾನಗಿ ಇತ್ಯಾದಿಗಳಿಗೆಲ್ಲ ಹುಟ್ಟಿದ ದಿನಕ್ಕೂ ಜಾಗಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಮನೆಯಲ್ಲಿ ಪಾಪು ಹುಟ್ಟಿದ್ದರೆ, ಹೆಸರು ಇನ್ನೂ ನಿಶ್ಚಯವಾಗಿಲ್ಲ ಎಂದು ಕಾಯಬೇಡಿ. ಮೊದಲು ಹುಟ್ಟನ್ನು ಬರೆಸಿ, ಹೆಸರು ಆಮೇಲೆ ಸೇರಿಸಬಹುದು. ಒಂದು ವರ್ಷದೊಳಗಾದರೆ ಅದಕ್ಕೆ ಶುಲ್ಕವೂ ಇಲ್ಲ. ಜಾತಕ, ಅಜ್ಜಿಯ ಇಷ್ಟ, ಅಪ್ಪನ ಇಷ್ಟ ಎಂದು ಹೆಸರಿನ ಜಗಳ ಅಷ್ಟರೊಳಗೆ ಮುಗಿಯಲಿ.

ಕಾರ್ಯಸೂಚಿಯ ಕಟ್ಟಕಡೆಯಲ್ಲಿ ಯಾವಾಗಲೂ ಒಂದು ಸಾಲು ಇರುತ್ತದೆ: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’. ಊರಿನ ಅಲ್ಲಾಡುವ ಹಾಸುಗಲ್ಲುಗಳೆಲ್ಲ ಇಲ್ಲಿಗೆ ಬರುತ್ತವೆ. ಮಧ್ಯಾಹ್ನದ ಊಟದ ಹೊತ್ತಾಗಿರುತ್ತದೆ, ಅರ್ಧ ಜನ ಎದ್ದಿರುತ್ತಾರೆ. ಆದರೂ ಒಬ್ಬ ಸದಸ್ಯೆ ಎದ್ದು ನಿಂತು, “ನಮ್ಮ ವಾರ್ಡಿನ ಶಾಲೆಯ ಎದುರು ತೋಡಿಗೆ ತಡೆಗೋಡೆ ಇಲ್ಲ ಮಾರಾಯರೇ, ಮಳೆ ಬಂದರೆ ರಸ್ತೆ ಯಾವುದು ತೋಡು ಯಾವುದು ಗೊತ್ತಾಗುವುದಿಲ್ಲ” ಎಂದರೆ ಅದು ನಡಾವಳಿಯಲ್ಲಿ ಬರಬೇಕು. ಈಗ ಸದಸ್ಯ ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲು. ನಳ್ಳಿ, ಕಸ, ತೋಡುಗಳ ವಿಷಯ ಅವರಷ್ಟು ಬಲ್ಲವರು ಯಾರು?

ಅದು ಅವರ ಬಾಯಿಗೆ ಬರಬೇಕಾದರೆ ಮೊದಲು ನೀವು ಬರೆದು ಕೊಡಬೇಕು. ನಿಮ್ಮ ಶಾಲೆಯ ಎದುರಿನ ಹಾಸುಗಲ್ಲು ಅಲ್ಲಾಡುತ್ತಿದ್ದರೆ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ‘ಪೌರಾಯುಕ್ತರು, ನಗರಸಭೆ ಇವರಿಗೆ’ ಎಂದು ಮೇಲೆ ಬರೆಯಿರಿ. ಜಾಗ ಯಾವುದು, ಹತ್ತಿರದ ಗುರುತು ಯಾವುದು, ಎಷ್ಟು ದಿನದಿಂದ ಹೀಗಿದೆ ಎಂದು ನಾಲ್ಕು ಸಾಲು ಸಾಕು. ಕಾಗುಣಿತ ತಪ್ಪಿದ್ದರೆ ಅಜ್ಜ ತಿದ್ದಲಿ. ಎರಡು ಪ್ರತಿ ಮಾಡಿ. ಒಂದನ್ನು ವಾರ್ಡಿನ ಸದಸ್ಯರಿಗೆ ಕೊಡಿ. ಇನ್ನೊಂದನ್ನು ಅಜ್ಜನ ಕೈ ಹಿಡಿದುಕೊಂಡು ಹೋಗಿ ಕಚೇರಿಯಲ್ಲೇ ಕೊಡಿ. ಜನನ ಪ್ರಮಾಣಪತ್ರ, ಖಾತೆಯಂಥ ಸೇವೆಯ ಅರ್ಜಿಯಾದರೆ 2011ರ ಸಕಾಲ ಕಾಯ್ದೆಯಡಿ ಇಂತಿಷ್ಟು ದಿನದಲ್ಲಿ ಮಾಡಿಕೊಡಬೇಕೆಂಬ ಗಡುವಿದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಉಂಟು; ಅದಕ್ಕೆ ಸಕಾಲ ಸಂಖ್ಯೆ ಕೇಳಿ ಪಡೆಯಬೇಕು. ಹಾಸುಗಲ್ಲಿನ ಅರ್ಜಿಗೆ ಸಕಾಲ ಸಂಖ್ಯೆ ಇಲ್ಲ, ಆವಕ ಸಂಖ್ಯೆ ಇದೆ. “ಇಟ್ಟು ಹೋಗಿ, ನೋಡುತ್ತೇವೆ” ಎಂದು ಕಿಟಕಿಯ ಆಚೆಯವರು ಹೇಳಬಹುದು. ನಲವತ್ತು ವರ್ಷ ಕಿಟಕಿಯ ಆಚೆ ಕೂತವನು ನಾನು, ನನಗೆ ಆ ಮಾತಿನ ಅರ್ಥ ಗೊತ್ತು. ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಕು, ಆವಕ ಸಂಖ್ಯೆ ಮೂರೂ ಬೀಳುವವರೆಗೆ ಅಲ್ಲಿಂದ ಕದಲಬೇಡಿ.